ಸಾರಾಭಾಯಿ ಕುಳಿ: ಸಣ್ಣದೊಂದು ಚಂದ್ರಕುಳಿಯ ರಚನೆ ಮತ್ತು ನಾಮಕರಣ

ಮಾನ್ಯರೆ,

ಚಂದ್ರನ ಮೇಲೆ ಭಾರತೀಯ ವಿಜ್ಞಾನಿಗಳ ಹೆಸರು ಹೊತ್ತ ಕುಳಿಗಳ ಮಾತು ಬಂದಾಗಲೆಲ್ಲ ಅವುಗಳ ಗಾತ್ರದ ಪ್ರಶ್ನೆಯೂ ಏಳುತ್ತದೆ. ಹೋಮಿ ಭಾಭಾ ಅವರ ಹೆಸರಿನ ಕುಳಿಯ ಅಗಲ 60 ಕಿಲೋಮೀಟರಿಗೂ ಹೆಚ್ಚು. ಜಗದೀಶಚಂದ್ರ ಬೋಸ್ ಅವರ ಹೆಸರಿನದು 90 ಕಿಲೋಮೀಟರಿನ ಆಸುಪಾಸಿನಲ್ಲಿದೆ. ವಿಕ್ರಮ್ ಸಾರಾಭಾಯಿ ಅವರ ಹೆಸರಿನ ಕುಳಿಯಾದರೋ ಸುಮಾರು ಏಳೂವರೆ ಕಿಲೋಮೀಟರ್ ಮಾತ್ರ. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದವರಿಗೆ ಇಷ್ಟು ಚಿಕ್ಕ ಕುಳಿಯೇ ಎಂದು ಬೇಸರಪಡುವವರಿದ್ದಾರೆ. ಆ ಬೇಸರಕ್ಕೆ ಕಾರಣವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಭಾಭಾ ಮತ್ತು ಬೋಸ್ ಕುಳಿಗಳಿರುವುದು ಚಂದ್ರನ ಆಚೆ ಬದಿಯಲ್ಲಿ. ಭೂಮಿಯ ಮೇಲೆ ನಿಂತು ಅವನ್ನು ಯಾರೂ ನೋಡಲಾರರು. ಸಾರಾಭಾಯಿ ಕುಳಿ ನಮ್ಮ ಕಡೆಗೆ ಮುಖ ಮಾಡಿದ ಭಾಗದಲ್ಲಿದೆ, ಸಾಧಾರಣ ದೂರದರ್ಶಕಕ್ಕೂ ಸಿಗುತ್ತದೆ. ಇದಕ್ಕಿಂತ ಮುಖ್ಯವಾಗಿ, ಚಂದ್ರನ ಮೇಲ್ಮೈಯನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವರಿಗೆ ಇಂಥ ಸಣ್ಣ, ಸರಳ ಕುಳಿಗಳು ಹೇಳುವಷ್ಟು ಸ್ಪಷ್ಟವಾಗಿ ದೊಡ್ಡ ಕುಳಿಗಳು ಹೇಳುವುದಿಲ್ಲ.

ಮೊದಲು ಸ್ಥಳವನ್ನು ಗುರುತಿಸೋಣ. ಚಂದ್ರನ ಉತ್ತರಾರ್ಧದಲ್ಲಿ, ಮಧ್ಯರೇಖೆಯಿಂದ ತುಸು ಪೂರ್ವಕ್ಕೆ, ಕಪ್ಪಾಗಿ ದುಂಡಗೆ ಕಾಣುವ ಬಯಲಿಗೆ ಮೇರ್ ಸೆರೆನಿಟಾಟಿಸ್ ಎಂದು ಹೆಸರು. ಸುಮಾರು 390 ಕೋಟಿ ವರ್ಷಗಳ ಹಿಂದೆ ಬಾಹ್ಯಾಕಾಶದಿಂದ ಬಂದ ಬಂಡೆಯ ಭಾರೀ ಅಪ್ಪಳಿಕೆಯೊಂದು ತೋಡಿದ ಹಳ್ಳವನ್ನು ಆಮೇಲೆ ಒಳಗಿನಿಂದ ಉಕ್ಕಿದ ಲಾವಾ ತುಂಬಿ ಸಮತಟ್ಟು ಮಾಡಿತು. ಈ ಬಯಲಿನ ದಕ್ಷಿಣ ಭಾಗದಲ್ಲಿ 16 ಕಿಲೋಮೀಟರ್ ಅಗಲದ ಬೆಸೆಲ್ ಕುಳಿಯಿದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 120 ಕಿಲೋಮೀಟರ್ ಸಾಗಿದರೆ, 24.7 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 21 ಡಿಗ್ರಿ ಪೂರ್ವ ರೇಖಾಂಶದ ಬಳಿ, ಸಾರಾಭಾಯಿ ಕುಳಿ ಸಿಗುತ್ತದೆ. ಅದರ ಪೂರ್ವಕ್ಕೆ 250ರಿಂದ 300 ಕಿಲೋಮೀಟರ್ ದೂರದಲ್ಲಿ ಎರಡು ಪ್ರಸಿದ್ಧ ಜಾಗಗಳಿವೆ: 1972ರ ಡಿಸೆಂಬರಿನಲ್ಲಿ ಅಪೊಲೊ 17 ಇಳಿದ ಟಾರಸ್–ಲಿಟ್ರೋ ಕಣಿವೆ ಮತ್ತು 1973ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಲೂನಾ 21 ನೌಕೆ ಲುನಾಖೋದ್ 2 ಎಂಬ ಗಾಡಿಯನ್ನು ಇಳಿಸಿದ ಲಮೋನ್ಯೇ ಕುಳಿ.

ಇನ್ನು ಕುಳಿಯ ರಚನೆ. ಚಂದ್ರನ ಮೇಲೆ ಸುಮಾರು 15 ಕಿಲೋಮೀಟರಿಗಿಂತ ಕಡಿಮೆ ಅಗಲದ ಕುಳಿಗಳು ಸಾಮಾನ್ಯವಾಗಿ ಬೋಗುಣಿಯಾಕಾರದಲ್ಲಿರುತ್ತವೆ. ಇವುಗಳಿಗೆ ನಡುವೆ ಶಿಖರವಿಲ್ಲ, ಗೋಡೆಗಳಲ್ಲಿ ಮೆಟ್ಟಿಲು ಮೆಟ್ಟಿಲಾದ ಕುಸಿತಗಳಿಲ್ಲ, ಆಳವು ಅಗಲದ ಐದನೆಯ ಒಂದು ಭಾಗದಷ್ಟಿರುತ್ತದೆ. ಅಗಲ ಹೆಚ್ಚಿದಂತೆ ಚಂದ್ರನ ಗುರುತ್ವ ಗೋಡೆಗಳನ್ನು ಒಳಕ್ಕೆ ಕುಸಿಯುವಂತೆ ಮಾಡುತ್ತದೆ, ತಳ ಪುಟಿದೆದ್ದು ನಡುವೆ ಬೆಟ್ಟ ಮೂಡುತ್ತದೆ, ಆಳದ ಪ್ರಮಾಣ ತೀರ ಇಳಿಯುತ್ತದೆ. 85 ಕಿಲೋಮೀಟರ್ ಅಗಲದ ಟೈಕೋ ಕುಳಿ ಐದು ಕಿಲೋಮೀಟರಿನಷ್ಟೂ ಆಳವಿಲ್ಲ. ಸಾರಾಭಾಯಿ ಕುಳಿಯನ್ನು 2020ರಲ್ಲಿ ಚಂದ್ರಯಾನ-2ರ ಕಕ್ಷಾಗಾಮಿಯಲ್ಲಿರುವ ಟೆರೇನ್ ಮ್ಯಾಪಿಂಗ್ ಕ್ಯಾಮೆರಾ ಚಿತ್ರಿಸಿತು. ಮುಂದಕ್ಕೆ, ನೇರ ಕೆಳಕ್ಕೆ ಮತ್ತು ಹಿಂದಕ್ಕೆ ಹೀಗೆ ಮೂರು ಕೋನಗಳಿಂದ ಒಂದೇ ನೆಲವನ್ನು ನೋಡುವ ಈ ಕ್ಯಾಮೆರಾದ ಚಿತ್ರಗಳನ್ನು ಜೋಡಿಸಿದರೆ ನೆಲದ ಏರಿಳಿತಗಳು ಲೆಕ್ಕಕ್ಕೆ ಸಿಗುತ್ತವೆ. ಹಾಗೆ ಲೆಕ್ಕ ಹಾಕಿ ಇಸ್ರೋ ಪ್ರಕಟಿಸಿದ ಪ್ರಕಾರ, ಎತ್ತರಿಸಿದ ಅಂಚಿನಿಂದ ಅಳೆದರೆ ಕುಳಿಯ ಆಳ ಸುಮಾರು 1.7 ಕಿಲೋಮೀಟರ್, ಗೋಡೆಗಳ ಇಳಿಜಾರು 25ರಿಂದ 35 ಡಿಗ್ರಿ.

ಈ ಎರಡು ಅಂಕಿಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 1.7ನ್ನು ಏಳೂವರೆಯಿಂದ ಭಾಗಿಸಿದರೆ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚೇ ಬರುತ್ತದೆ. ಎಂದರೆ ಈ ಕುಳಿ ಹುಟ್ಟಿದಾಗಿನ ಆಳವನ್ನು ಬಹುಮಟ್ಟಿಗೆ ಇಂದಿಗೂ ಉಳಿಸಿಕೊಂಡಿದೆ; ಲಾವಾ ಇದನ್ನು ತುಂಬಿಲ್ಲ, ಬೇರೆ ಕುಳಿಗಳಿಂದ ಎರಚಿದ ಮಣ್ಣು ಇದನ್ನು ಮುಚ್ಚಿಲ್ಲ. ಇಳಿಜಾರಿನ ಮೇಲ್ಮಿತಿಯೂ ಅರ್ಥವಿಲ್ಲದ ಅಂಕಿಯಲ್ಲ. ಜಲ್ಲಿಯನ್ನು ರಾಶಿ ಸುರಿದಾಗ ಅದು ಒಂದು ಕೋನದವರೆಗೆ ನಿಂತು, ಅದಕ್ಕಿಂತ ಕಡಿದಾದೊಡನೆ ಜಾರಿ ಬೀಳುತ್ತದಲ್ಲ, ಆ ಮಿತಿಯೂ ಹೆಚ್ಚು ಕಡಿಮೆ ಇಷ್ಟೇ. ಗೋಡೆಯ ಪುಡಿಬಂಡೆ ತಾನು ನಿಲ್ಲಬಲ್ಲಷ್ಟು ಕಡಿದಾಗಿ ನಿಂತಿದೆ ಎಂಬುದನ್ನು ಆ ಅಂಕಿ ತಿಳಿಸುತ್ತದೆ.

ಇದರ ಜೊತೆಗೆ ಸುತ್ತಲಿನ ಬಯಲನ್ನೂ ಗಮನಿಸಬೇಕು. ಚಂದ್ರನ ಬಿಳಿಯ ಎತ್ತರದ ಪ್ರದೇಶಗಳಲ್ಲಿ ಕುಳಿಯ ಮೇಲೆ ಕುಳಿ ಬಿದ್ದು ಯಾವುದರ ಅಂಚು ಯಾವುದು ಎಂಬುದೇ ತಿಳಿಯದಂತಾಗಿರುತ್ತದೆ. ಇಲ್ಲಿ ಹಾಗಿಲ್ಲ. ಅಪ್ಪಳಿಕೆಗೆ ಮೊದಲು ನೆಲ ಹೇಗಿತ್ತು ಎಂಬುದು ಗೊತ್ತಿದೆ: ಲಾವಾ ಆರಿ ಗಟ್ಟಿಯಾದ ಬಸಾಲ್ಟ್ ಬಂಡೆಯ ಸಮತಟ್ಟಾದ ಪದರಗಳು. ಹೀಗಾಗಿ ಅಂಚು ಎಷ್ಟು ಮೇಲೆದ್ದಿದೆ, ಎರಚಿದ ಮಣ್ಣು ಎಷ್ಟು ದೂರ ಹರಡಿದೆ ಎಂಬುದನ್ನು ಅಳೆಯಲು ನಂಬಬಹುದಾದ ಆಧಾರ ಸಿಗುತ್ತದೆ. ಅಪ್ಪಳಿಕೆಯ ಸ್ಫೋಟವು ಪದರಗಳನ್ನು ಮೇಲೆತ್ತಿ ಹೊರಕ್ಕೆ ಮಗುಚುವುದರಿಂದ, ಆಳದಿಂದ ಬಂದ ಬಂಡೆ ಅಂಚಿನ ಹತ್ತಿರವೇ ಬಿದ್ದಿರುತ್ತದೆ. ದೂರ ಹೋದಂತೆ ಮೇಲುಪದರದ ಬಂಡೆ ಸಿಗುತ್ತದೆ. ನೆಲವನ್ನು ಕೊರೆಯದೆಯೇ ಲಾವಾ ಪದರಗಳನ್ನು ಪರೀಕ್ಷಿಸಲು ನಿಸರ್ಗವೇ ಒದಗಿಸಿದ ಅವಕಾಶ ಇದು.

ಈಗ ಹೆಸರಿನ ವಿಷಯ. ಕುಳಿಗಳಿಗೆ ವಿದ್ವಾಂಸರ ಹೆಸರಿಡುವ ರೂಢಿಯನ್ನು ಗಟ್ಟಿಗೊಳಿಸಿದ್ದು 1651ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ರಿಚೋಲಿ ಪ್ರಕಟಿಸಿದ ನಕ್ಷೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ಬೇರ್ ಮತ್ತು ಮೆಡ್ಲರ್ ಇನ್ನೂ ಸೂಕ್ಷ್ಮವಾದ ನಕ್ಷೆ ಬರೆದಾಗ, ಸಣ್ಣ ಕುಳಿಗಳಿಗೆಲ್ಲ ಹೆಸರು ಹುಡುಕುವುದು ಆಗದ ಮಾತಾದ್ದರಿಂದ, ಹತ್ತಿರದ ದೊಡ್ಡ ಕುಳಿಯ ಹೆಸರಿಗೆ ರೋಮನ್ ಅಕ್ಷರವೊಂದನ್ನು ಸೇರಿಸಿದರು. ನಕ್ಷೆಯಲ್ಲಿ ಆ ಅಕ್ಷರವನ್ನು ಸಣ್ಣ ಕುಳಿಯ ಯಾವ ಬದಿ ಮೂಲ ಕುಳಿಗೆ ಹತ್ತಿರವೋ ಆ ಬದಿಯಲ್ಲಿ ಬರೆಯುವುದು ಪದ್ಧತಿ. ಅಕ್ಷರ ಕಂಡರೆ ಅದು ಯಾವ ಕುಳಿಯ ಪರಿವಾರಕ್ಕೆ ಸೇರಿದ್ದು ಎಂದು ತಿಳಿಯುತ್ತದೆ. ಅಚ್ಚುಕಟ್ಟಾದ ಈ ಪದ್ಧತಿಯನ್ನು ನಾನು ಬಹಳ ಮೆಚ್ಚುತ್ತೇನೆ. ನಮ್ಮ ಕುಳಿ ಈ ಕ್ರಮದಲ್ಲಿ ಬೆಸೆಲ್ ಎ ಆಗಿತ್ತು. 1838ರಲ್ಲಿ ನಕ್ಷತ್ರವೊಂದರ ದೂರವನ್ನು ನಂಬಲರ್ಹವಾಗಿ ಅಳೆದು ತೋರಿಸಿದ ಜರ್ಮನ್ ಖಗೋಳ ವಿಜ್ಞಾನಿ ಫ್ರೀಡ್ರಿಖ್ ಬೆಸೆಲ್ ಅವರ ಪರಿವಾರದಲ್ಲಿ ಅದು ಮೊದಲ ಅಕ್ಷರ.

ಅಪೊಲೊ 15, 16 ಮತ್ತು 17ರ ನೌಕೆಗಳು ಕಕ್ಷೆಯಿಂದ ತೆಗೆದ ಛಾಯಾಚಿತ್ರಗಳ ಆಧಾರದ ಮೇಲೆ 1:2,50,000 ಪ್ರಮಾಣದ ವಿವರವಾದ ನಕ್ಷೆಗಳು ತಯಾರಾದಾಗ ಸಣ್ಣ ಕುಳಿಗಳಿಗೂ ಸ್ವತಂತ್ರ ಹೆಸರು ಬೇಕಾಯಿತು. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 1970ರ ದಶಕದಲ್ಲಿ ಅಕ್ಷರದ ಕುಳಿಗಳಲ್ಲಿ ಹಲವನ್ನು ವಿಜ್ಞಾನಿಗಳ ಹೆಸರಿಗೆ ಬದಲಿಸಿತು. ಬೆಸೆಲ್ ಎ 1973ರಲ್ಲಿ ಸಾರಾಭಾಯಿ ಆಯಿತು. ನೆರೆಯ ಬೆಸೆಲ್ ಇ ಫ್ರೆಂಚ್ ಗಣಿತಜ್ಞ ಬೊಬಿಯೇ ಅವರ ಹೆಸರು ಪಡೆಯಿತು. 1976ರಲ್ಲಿ ಹೆರೊಡೊಟಸ್ ಡಿ ಎಂಬುದಕ್ಕೆ ಸಿ.ವಿ. ರಾಮನ್ ಅವರ ಹೆಸರು ಬಂತು. 1979ರಲ್ಲಿ ಮರಾಲ್ಡಿ ಇ ಎಂಬುದು ಆರ್ಯಭಟವಾಯಿತು. ಸಾರಾಭಾಯಿ ತೀರಿಕೊಂಡದ್ದು 1971ರ ಡಿಸೆಂಬರ್ 30ರಂದು. ವ್ಯಕ್ತಿ ತೀರಿಕೊಂಡು ಕನಿಷ್ಠ ಮೂರು ವರ್ಷ ಕಳೆದಿರಬೇಕು ಎಂಬ ನಿಯಮ ಈಗ ಇದೆ. ಇಂದಾಗಿದ್ದರೆ ಆ ಹೆಸರಿಗೆ ಇನ್ನಷ್ಟು ಕಾಲ ಕಾಯಬೇಕಾಗುತ್ತಿತ್ತು.

ರಾಮನ್ ಮತ್ತು ಸಾರಾಭಾಯಿ ಅವರ ಹೆಸರುಗಳು ಮೂರು ವರ್ಷಗಳ ಅಂತರದಲ್ಲಿ ಚಂದ್ರನನ್ನು ಸೇರಿದ್ದು ನಮಗೆ, ಅದರಲ್ಲೂ ಬೆಂಗಳೂರಿನವರಿಗೆ, ವಿಶೇಷ ಸಂತೋಷದ ವಿಷಯ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೇಂಬ್ರಿಜ್‌ನಿಂದ ಮರಳಿದ ಯುವಕ ಸಾರಾಭಾಯಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಮಾರ್ಗದರ್ಶನದಲ್ಲೇ ವಿಶ್ವಕಿರಣಗಳ, ಎಂದರೆ ಬಾಹ್ಯಾಕಾಶದಿಂದ ಬರುವ ಅತಿ ವೇಗದ ಕಣಗಳ, ಸಂಶೋಧನೆ ನಡೆಸಿದರು. 1942ರಲ್ಲಿ ಪ್ರಕಟವಾದ ಅವರ ಮೊದಲ ಪ್ರಬಂಧದ ವಿಷಯವೂ ಅದೇ. 1947ರಲ್ಲಿ ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ ಕಟ್ಟಿದ್ದರ ಹಿಂದೆಯೂ ವಿಶ್ವಕಿರಣಗಳ ಅಧ್ಯಯನವೇ ಇತ್ತು.

ವಿಶ್ವಕಿರಣಗಳಿಗೂ ಸಣ್ಣ ಕುಳಿಗಳಿಗೂ ಇರುವ ನಂಟನ್ನು ಹೇಳದಿದ್ದರೆ ಈ ವಿಷಯ ಅಪೂರ್ಣವಾಗುತ್ತದೆ. ಆಳದಲ್ಲಿ ಹುದುಗಿದ್ದ ಬಂಡೆಯನ್ನು ವಿಶ್ವಕಿರಣಗಳು ಮುಟ್ಟಲಾರವು. ಅಪ್ಪಳಿಕೆ ಅದನ್ನು ಹೊರಗೆಸೆದ ಗಳಿಗೆಯಿಂದ ಕಿರಣಗಳು ಅದರ ಪರಮಾಣುಗಳನ್ನು ಒಡೆಯುತ್ತ, ನಿಯಾನ್, ಆರ್ಗಾನ್, ಕ್ರಿಪ್ಟಾನ್‌ಗಳ ಕೆಲವು ಐಸೊಟೋಪುಗಳನ್ನು (ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳನ್ನು) ಅಲ್ಪಸ್ವಲ್ಪವಾಗಿ ಸೇರಿಸುತ್ತ ಹೋಗುತ್ತವೆ. ಆ ಸಂಗ್ರಹವನ್ನು ಅಳೆದರೆ ಬಂಡೆ ಎಷ್ಟು ಕಾಲದಿಂದ ತೆರೆದ ಮೇಲ್ಮೈಯಲ್ಲಿದೆ, ಅಂದರೆ ಕುಳಿಯ ವಯಸ್ಸೆಷ್ಟು ಎಂಬುದು ತಿಳಿಯುತ್ತದೆ. ಅಪೊಲೊ 16ರ ಯಾತ್ರಿಗಳು ತಂದ ಕಲ್ಲುಗಳಿಂದ ನಾರ್ತ್ ರೇ ಎಂಬ ಸಣ್ಣ ಕುಳಿ ಸುಮಾರು 5 ಕೋಟಿ ವರ್ಷ ಹಳೆಯದೆಂದು ಗೊತ್ತಾಗಿದ್ದು ಹೀಗೆಯೇ. ಸಾರಾಭಾಯಿ ಕುಳಿಯ ಅಂಚಿನಲ್ಲಿ ಬಿದ್ದಿರುವ ಬಂಡೆಗಳಲ್ಲಿಯೂ ಅದರ ಹುಟ್ಟಿನಿಂದೀಚಿನ ಈ ಲೆಕ್ಕ ಬರೆದುಕೊಂಡೇ ಇದೆ, ಅದೂ ಆ ವಿಜ್ಞಾನಿ ತಮ್ಮ ಮೊದಲ ಪ್ರಬಂಧಕ್ಕೆ ಆರಿಸಿಕೊಂಡ ಕಿರಣಗಳಿಂದಲೇ.

ಇದನ್ನು ನೀವೇ ನೋಡಬೇಕೆಂದರೆ ಶುಕ್ಲಪಕ್ಷದ ಷಷ್ಠಿ–ಸಪ್ತಮಿಯ ಸಂಜೆಗಳು ಒಳ್ಳೆಯವು. ಆಗ ಆ ಬಯಲಿನಲ್ಲಿ ಸೂರ್ಯೋದಯವಾಗುತ್ತಿರುತ್ತದೆ. ಅಂಚಿನ ನೆರಳು ಕುಳಿಯೊಳಗೆ ಕಪ್ಪಾಗಿ ಬಿದ್ದಿರುತ್ತದೆ. ಹುಣ್ಣಿಮೆಯಂದು ನೆರಳಿಲ್ಲದ ಕಾರಣ ಆಳದ ಅರಿವಾಗುವುದಿಲ್ಲ. ನಾಲ್ಕು ಅಂಗುಲದ ದೂರದರ್ಶಕದಲ್ಲಿ ಮೊದಲು ಬೆಸೆಲ್ ಕುಳಿಯನ್ನು ಹಿಡಿದು, ವರ್ಧನೆಯನ್ನು ನೂರೈವತ್ತರಷ್ಟಕ್ಕೆ ಏರಿಸಿ, ಅಲ್ಲಿಂದ ಈಶಾನ್ಯಕ್ಕೆ ಸರಿಯಿರಿ.