ಗದ್ದೆಗೊಂದು ಸ್ಪೀಕರ್, ಚಾವಡಿಗೊಂದು: ಆಲ್ಟೆಕ್, ಜೆಬಿಎಲ್, ಬೋಸ್ ಪೈಪೋಟಿಯ ಕಥೆ

[ದೃಶ್ಯ: ಕೊಯ್ಲು ಮುಗಿದ ಗದ್ದೆ. ರಂಗಸ್ಥಳದ ಎರಡೂ ಬದಿಯಲ್ಲಿ ಕಪ್ಪು ಪೆಟ್ಟಿಗೆಗಳು. ಚೆಂಡೆಯ ಸದ್ದು.]

ನಮಸ್ಕಾರ. ನಾನೀಗ ಬದಿಯಡ್ಕದ ಹತ್ತಿರ ಒಂದು ಗದ್ದೆಯಲ್ಲಿದ್ದೇನೆ. ಸಂಜೆ ಇಲ್ಲಿ ಯಕ್ಷಗಾನ ಇದೆ. ಆಗಲೇ ಒಬ್ಬ ಹುಡುಗ ಬಂದು ಮೈಕ್ ಸೆಟ್‌ನವರ ಹತ್ತಿರ ಕೇಳಿದ: "ಅಣ್ಣಾ, ಜೆಬಿಎಲ್ ಒಳ್ಳೆಯದಾ, ಬೋಸ್ ಒಳ್ಳೆಯದಾ?" ಅವರು ತಿರುಗಿ ಕೇಳಿದ್ದು ಒಂದೇ ಮಾತು: "ಎಲ್ಲಿಗೆ?"

ಇವತ್ತಿನ ವಿಡಿಯೋ ಆ "ಎಲ್ಲಿಗೆ" ಬಗ್ಗೆ.

[ದೃಶ್ಯ: ಹಳೆಯ ಸಿನಿಮಾ ಮಂದಿರ, ತೆರೆಯ ಹಿಂದೆ ದೊಡ್ಡ ಹಾರ್ನ್.]

ಜೇಮ್ಸ್ ಬಿ. ಲಾನ್ಸಿಂಗ್ ಅಮೆರಿಕದವರು. 1927ರಲ್ಲಿ ಸ್ಪೀಕರ್ ಕಂಪನಿ ಶುರು ಮಾಡಿದರು. ಆಗ ಸಿನಿಮಾಕ್ಕೆ ಮಾತು ಬರುತ್ತಿದ್ದ ಕಾಲ. ದೊಡ್ಡ ಮಂದಿರದ ಕೊನೆಯ ಸಾಲಿಗೂ ಸ್ವರ ಮುಟ್ಟಬೇಕಿತ್ತು. 1941ರಲ್ಲಿ ಆಲ್ಟೆಕ್ ಕಂಪನಿ ಅದನ್ನು ಕೊಂಡುಕೊಂಡಿತು, ಹೆಸರು ಆಲ್ಟೆಕ್ ಲಾನ್ಸಿಂಗ್ ಅಂತ ಆಯಿತು. 1945ರಲ್ಲಿ ಅವರ 'ವಾಯ್ಸ್ ಆಫ್ ದಿ ಥಿಯೇಟರ್' ಅನ್ನುವ ಸ್ಪೀಕರ್ ಬಂತು. ಎಷ್ಟೋ ಸಿನಿಮಾ ಮಂದಿರಗಳ ತೆರೆಯ ಹಿಂದೆ ಇದ್ದದ್ದು ಅದೇ.

ಮರುವರ್ಷ ಲಾನ್ಸಿಂಗ್ ಹೊರಗೆ ಬಂದು ಮತ್ತೊಂದು ಕಂಪನಿ ಕಟ್ಟಿದರು. ಆದರೆ ಅವರ ಹೆಸರು ಹಳೆಯ ಕಂಪನಿಯ ಫಲಕದಲ್ಲೇ ಉಳಿದಿತ್ತು! ಆಲ್ಟೆಕ್ ತಕರಾರು ತೆಗೆಯಿತು. ಸ್ವಂತ ಹೆಸರು ಬಳಸುವುದಕ್ಕೂ ಜಗಳ. 1949ರಲ್ಲಿ ಅವರು ತೀರಿಕೊಂಡರು. ಜೆಬಿಎಲ್ ಅನ್ನುವ ಮೂರಕ್ಷರ ಪೆಟ್ಟಿಗೆಯ ಮೇಲೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಈ ಕಥೆ ಓದಿದಾಗೆಲ್ಲ ನನಗೆ ಬೇಸರವಾಗುತ್ತದೆ. ಇವತ್ತು ನಮ್ಮ ಕಾಸರಗೋಡಿನ ಮೊಬೈಲ್ ಅಂಗಡಿಗಳಲ್ಲೂ ಇರುವ ಆ ಹೆಸರು ಒಬ್ಬ ಮನುಷ್ಯನದ್ದು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ.

ಹೀಗೆ ಒಂದೇ ಮನುಷ್ಯನ ಕೆಲಸದಿಂದ ಎರಡು ಎದುರಾಳಿಗಳು ಹುಟ್ಟಿದವು. ಆದರೆ 1969ರಲ್ಲಿ ವುಡ್‌ಸ್ಟಾಕ್ ಸಂಗೀತ ಮೇಳ ನಡೆದಾಗ ಸೌಂಡ್ ಮಾಡಿದವರು ಜೆಬಿಎಲ್‌ನ ದೊಡ್ಡ ಕೋನ್‌ಗಳನ್ನೂ (ಅಲುಗಿ ಸದ್ದು ಮಾಡುವ ಬಟ್ಟಲಿನಂಥ ಭಾಗ) ಆಲ್ಟೆಕ್‌ನ ಹಾರ್ನ್‌ಗಳನ್ನೂ ಒಟ್ಟಿಗೇ ಇಟ್ಟರು. ಲಕ್ಷಗಟ್ಟಲೆ ಜನ ಬಯಲಲ್ಲಿ ಕೂತಿದ್ದರು. ಕೆಲಸ ಆಗಬೇಕಾದ ಕಡೆ ಬ್ರಾಂಡ್ ಜಗಳಕ್ಕೆ ಜಾಗ ಇಲ್ಲ ಅಲ್ವಾ.

[ದೃಶ್ಯ: ಮನೆಯ ಚಾವಡಿ, ಮರದ ಸ್ಪೀಕರ್ ಜೋಡಿ.]

ಮನೆಯ ಲೆಕ್ಕ ಬೇರೆ. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿ ಒಂದು ಚಿಕ್ಕ, ಗಾಳಿ ಹೋಗದ ಪೆಟ್ಟಿಗೆ ತಂದಿತು. ಒಳಗಿನ ಗಾಳಿಯೇ ಸ್ಪ್ರಿಂಗ್‌ನಂತೆ ಕೋನನ್ನು ಹಿಡಿಯುತ್ತದೆ. ಹಾಗಾಗಿ ಸಣ್ಣ ಪೆಟ್ಟಿಗೆಯಲ್ಲೂ ಆಳದ ಬೇಸ್ ಬಂತು. ಆದರೆ ಅದಕ್ಕೆ ಕರೆಂಟು ಜಾಸ್ತಿ ತಿನ್ನಿಸಬೇಕು. ಪೆಟ್ಟಿಗೆ ಚಿಕ್ಕದು, ಬೇಸ್ ಆಳ, ಸದ್ದು ಜೋರು: ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಯಾವ ಕಂಪನಿಗೂ ಇದರಿಂದ ತಪ್ಪಿಸಿಕೊಳ್ಳಲು ಆಗಿಲ್ಲ.

ಜೆಬಿಎಲ್ ಮನೆಗೆ ಬಂದದ್ದು ಬೇರೆ ದಾರಿಯಿಂದ. ಸ್ಟುಡಿಯೋಗೆ ಮಾಡಿದ 4310 ಅನ್ನೇ 1970ರಲ್ಲಿ ಎಲ್100 ಅಂತ ಮನೆಗೆ ಮಾರಿತು. ಚೆನ್ನಾಗಿ ಮಾರಿಹೋಯಿತು. ಯಾಕೆ ಹೊಂದಿತು? ಸ್ಟುಡಿಯೋದಲ್ಲಿ ಕೇಳುವವರು ಕೂರುವುದೂ ಸ್ಪೀಕರಿಗೆ ಹತ್ತಿರ, ಮನೆಯಲ್ಲೂ ಹತ್ತಿರ.

ಬೋಸ್ ಕಂಪನಿಯದ್ದು ಇದಕ್ಕಿಂತ ಸ್ಪಷ್ಟವಾದ ಪಾಠ. ಅದನ್ನು ಕಟ್ಟಿದ ಅಮರ್ ಬೋಸ್ ಅವರ ತಂದೆ ಬಂಗಾಳದವರು. 1968ರ 901ರಲ್ಲಿ ಒಂಬತ್ತು ಸಣ್ಣ ಸ್ಪೀಕರ್‌ಗಳು. ಕೇಳುವವರ ಕಡೆಗೆ ಒಂದೇ ಒಂದು, ಉಳಿದ ಎಂಟು ಹಿಂದಕ್ಕೆ ಗೋಡೆಯ ಕಡೆಗೆ! ಗೋಡೆಗೆ ತಾಗಿ ಬರುವ ಸದ್ದಿನಿಂದ ಕೋಣೆ ತುಂಬುತ್ತದೆ. ಅದನ್ನು ಈ ಗದ್ದೆಯಲ್ಲಿಟ್ಟರೆ? ಇಲ್ಲಿ ಗೋಡೆಯೇ ಇಲ್ಲ. ಹೆಚ್ಚಿನ ಸದ್ದು ಹಿಂದಿನ ಅಡಿಕೆ ತೋಟಕ್ಕೆ ಹೋಗುತ್ತದೆ. ಅವರು ವೇದಿಕೆಗೆ 800 ಅನ್ನುವ ಪೆಟ್ಟಿಗೆ ಮಾಡಿದಾಗ ಅದರ ಎಂಟು ಸ್ಪೀಕರನ್ನೂ ಮುಂದಕ್ಕೇ ತಿರುಗಿಸಿದರು.

[ದೃಶ್ಯ: ಪರದೆಯ ಮೇಲೆ ಅಂಕಿಗಳು.]

ಈಗ ಲೆಕ್ಕ ಮಾಡೋಣ. ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಮನೆಯ ಸ್ಪೀಕರ್ 86 ಡೆಸಿಬೆಲ್ (ಸದ್ದಿನ ಅಳತೆ), ವೇದಿಕೆಯದ್ದು 98 ಅಂತ ಇಟ್ಟುಕೊಳ್ಳಿ. ಬಯಲಲ್ಲಿ ದೂರ ಎರಡು ಪಟ್ಟು ಆದರೆ 6 ಡೆಸಿಬೆಲ್ ಇಳಿಯುತ್ತದೆ. 16 ಮೀಟರ್ ಅಂದರೆ ನಾಲ್ಕು ಸಲ ಎರಡು ಪಟ್ಟು, ಒಟ್ಟು 24 ಇಳಿಯಿತು. ಮನೆಯ ಸ್ಪೀಕರ್ 62ಕ್ಕೆ ಬಂತು. ನಾವು ಕೂತು ಮಾತಾಡುವಷ್ಟೇ ಸದ್ದು. ಅದನ್ನು ಪುನಃ 86ಕ್ಕೆ ಏರಿಸಬೇಕಾದರೆ ಸುಮಾರು 250 ವಾಟ್ ಬೇಕು. ವೇದಿಕೆಯದ್ದಕ್ಕೆ 16 ವಾಟ್ ಸಾಕು.

ಇದನ್ನು ನಾನು ಕಷ್ಟಪಟ್ಟು ಕಲಿತದ್ದು. ನಮ್ಮ ಭಜನಾ ಮಂದಿರದ ಅಂಗಳದಲ್ಲಿ ತಾಳಮದ್ದಳೆ ಇತ್ತು. ಮನೆಯ ಸ್ಪೀಕರ್ ಜೋಡಿ ತಂದಿಟ್ಟೆ. ಹಿಂದೆ ಕೂತವರು ಕೇಳುವುದಿಲ್ಲ ಅಂದರು. ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ. ಆಂಪ್ಲಿಫಯರ್ ತನ್ನ ಮಿತಿ ದಾಟಿತು. ಆಗ ಅಲೆಯ ತುದಿ ಕತ್ತರಿಸಿದ ಹಾಗಾಗಿ ಟ್ವೀಟರಿಗೆ, ಅಂದರೆ ಎತ್ತರದ ಸ್ವರ ನುಡಿಸುವ ಪುಟ್ಟ ಸ್ಪೀಕರಿಗೆ, ತಡೆಯಲಾರದಷ್ಟು ಕರೆಂಟು ಹೋಗುತ್ತದೆ. ಭಾಗವತರ ಪದ ಅರ್ಧದಲ್ಲಿರುವಾಗ ಎರಡೂ ಟ್ವೀಟರ್ ಸುಟ್ಟವು. ಆ ಪದ ಹಾಳಾದ ದುಃಖ ನನಗೆ ಇನ್ನೂ ಇದೆ.

[ದೃಶ್ಯ: ಕಂಬದ ಮೇಲೆ ಕಹಳೆಯಂಥ ಹಾರ್ನ್.]

ಹಾಗಾದರೆ ಹಳೆಯ ಹಾರ್ನ್? ನಮ್ಮ ಮಲಯಾಳಿ ನೆರೆಯವರು ಇದನ್ನು ಕೋಳಾಂಬಿ ಅನ್ನುತ್ತಾರೆ. ನಮ್ಮ ದೇಶದ ಅಹುಜಾ ಕಂಪನಿ 1940ರಿಂದ ಇದೆ, ಎಷ್ಟೋ ಊರಿನ ಕಂಬಗಳ ಮೇಲೆ ಅವರದ್ದೇ ಹಾರ್ನ್. ಮಾತು ದೂರಕ್ಕೆ ಮುಟ್ಟಿಸುವುದರಲ್ಲಿ ಇದು ಗಟ್ಟಿ. ಆದರೆ ಮದ್ದಳೆಯ ತುಂಬಿದ ನಾದ ಇದರಲ್ಲಿ ಬರುವುದಿಲ್ಲ. ಬರೀ ಘೋಷಣೆಗೆ ಸಾಕು, ಹಿಮ್ಮೇಳಕ್ಕೆ ಸಾಲದು.

ನಿಮ್ಮ ಊರಿನ ಮಂದಿರಕ್ಕೆ ಸ್ಪೀಕರ್ ಕೊಳ್ಳುವುದಾದರೆ ಪೆಟ್ಟಿಗೆಯ ಮೇಲಿನ ವಾಟ್ ನೋಡಿ ಮರುಳಾಗಬೇಡಿ. ಸೆನ್ಸಿಟಿವಿಟಿ, ಅಂದರೆ ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಬರುವ ಡೆಸಿಬೆಲ್, ಎಷ್ಟು ಅಂತ ಕೇಳಿ. ಕೊನೆಯ ಸಾಲಿಗೆ ಎಷ್ಟು ಮೀಟರ್ ಅಂತ ಅಳೆದುಕೊಂಡು ಹೋಗಿ. ಸಾಧ್ಯವಾದರೆ ಒಂದು ದಿನ ತರಿಸಿ, ಭಾಗವತರಿಂದ ಒಂದು ಪದ ಹಾಡಿಸಿ, ನೀವು ಕೊನೆಯ ಸಾಲಿನಲ್ಲಿ ಕೂತು ಕೇಳಿ.

[ದೃಶ್ಯ: ಮೈಕ್ ಸೆಟ್‌ನವರು ಗದ್ದೆಯ ಬದುವಿನ ಮೇಲೆ ನಿಂತು ಕೈ ಎತ್ತುತ್ತಾರೆ. ಚೆಂಡೆ ಶುರುವಾಗುತ್ತದೆ.]