ಹೋಪಿ ಮಡಕೆ: ಚಿತ್ತಾರ ಹಳೆಯದು, ಬೆಂಕಿ ಹೊಸದು!

ನಮಸ್ಕಾರ. ತಿಗರಿ ಇಲ್ಲದೆ ಮಡಕೆ ಮಾಡೋಕಾಗುತ್ತಾ ಅಂತ ಕೇಳಿದ್ದಿರಿ. ಆಗುತ್ತೆ. ಅಮೆರಿಕದ ಅರಿಜೋನಾದಲ್ಲಿ ಹೋಪಿ ಎಂಬ ಮೂಲನಿವಾಸಿ ಜನರ ಹೆಂಗಸರು ಇವತ್ತಿಗೂ ಹಾಗೇ ಮಾಡುತ್ತಾರೆ. ಮಣ್ಣನ್ನು ಉದ್ದಕ್ಕೆ ಹೊಸೆದು ಸುತ್ತು ಸುತ್ತಾಗಿ ಏರಿಸುತ್ತಾರೆ, ಕೆರೆಯುತ್ತಾರೆ, ನುಣ್ಣನೆ ಕಲ್ಲಿನಿಂದ ಉಜ್ಜುತ್ತಾರೆ. ಯುಕ್ಕಾ ಗಿಡದ ಎಲೆಯ ತುದಿ ಜಗಿದರೆ ಕುಂಚ ರೆಡಿ. ಇದೆಲ್ಲ ಸರಿ. ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಬೆಂಕಿಯ ವಿಷಯ.

[ಸ್ಕ್ರೀನ್: ಹಳದಿ ಮಡಕೆ, ಮೇಲೆ ಕಪ್ಪು-ಕೆಂಪು ಹಕ್ಕಿರೆಕ್ಕೆ]

ಇಂಥ ಮಡಕೆಗೆ ಹೆಸರಾದ ಕುಂಬಾರ್ತಿ ನಾಂಪೆಯೊ. ಹುಟ್ಟಿದ್ದು ಸುಮಾರು 1859ರಲ್ಲಿ, ಹಾನೊ ಎಂಬ ಊರಲ್ಲಿ. ಹತ್ತಿರದಲ್ಲೇ ಸಿಕ್ಯಾಟ್ಕಿ ಅಂತ ಹಾಳೂರು. ಅಲ್ಲಿನ ಹಳೇ ಮಡಕೆ ಚೂರುಗಳ ಚಿತ್ತಾರವನ್ನು ಇವರು ತಮ್ಮ ಮಡಕೆಗೆ ತಂದರು. 1895ರಲ್ಲಿ ಫ್ಯೂಕ್ಸ್ ಎಂಬ ವಿದ್ವಾಂಸ ಆ ಊರನ್ನು ಅಗೆಸಿದ. ನಾಂಪೆಯೊ ಗಂಡ ಲೆಸೊ ಅಲ್ಲಿ ಕೂಲಿಗೆ ಹೋಗಿದ್ದ. ಅಷ್ಟಕ್ಕೇ, ಆ ಅಗೆತದಿಂದಲೇ ಈಕೆ ಕಲಿತಳು ಅಂತ ಕಥೆ ಹಬ್ಬಿತು. ಅದಕ್ಕೂ ಮೊದಲೇ ಆಕೆ ಅಂಥ ಮಡಕೆ ಮಾಡುತ್ತಿದ್ದಳು ಸ್ವಾಮಿ! ಕೆಲಸ ಹೆಂಗಸಿನದು, ಹೆಸರು ಗುದ್ದಲಿಯವರದು.

ಈಗ ಬೆಂಕಿಗೆ ಬರೋಣ. ಬೂದು ಜೇಡಿಮಣ್ಣು ಸುಟ್ಟರೆ ಹಳದಿಗೆ ತಿರುಗುತ್ತದೆ, ಒಳಗಿರುವ ಕಬ್ಬಿಣದ ಅಂಶದಿಂದ. ನಾಂಪೆಯೊ ಸುಟ್ಟಿದ್ದು ಕುರಿ ಹಿಕ್ಕೆಯಲ್ಲಿ. ದೊಡ್ಡಿಯಲ್ಲಿ ಕುರಿಗಳು ತುಳಿದು ತುಳಿದು ಗಟ್ಟಿಯಾದ ಹಿಕ್ಕೆಯನ್ನು ಹೆಂಟೆಯಾಗಿ ಎಬ್ಬಿಸಿ, ಒಣಗಿಸಿ, ಮಡಕೆ ಸುತ್ತ ಗೂಡು ಕಟ್ಟುವುದು. ನಮ್ಮ ಬೆರಣಿ ಒಟ್ಟಿದ ಹಾಗೆ ಅನ್ನಿ. ಮಧ್ಯೆ ಒಡೆದ ಮಡಕೆ ಚೂರು ಅಡ್ಡ ಇಡುತ್ತಾರೆ, ಹಿಕ್ಕೆ ತಾಗಿದ ಕಡೆ ಕಲೆ ಬೀಳುತ್ತದಲ್ಲ.

ಆದರೆ ಸಿಕ್ಯಾಟ್ಕಿಯ ಅಜ್ಜಿಯರ ಹತ್ತಿರ ಕುರಿಯೇ ಇರಲಿಲ್ಲ! ಕುರಿ ಬಂದಿದ್ದು ಸ್ಪೇನ್‌ನವರ ಜೊತೆ. ಹಾಗಾದರೆ ಅವರು ಸುಟ್ಟಿದ್ದು ಯಾತರಲ್ಲಿ? ಕಲ್ಲಿದ್ದಲಲ್ಲಿ. ಹೌದು, 1300ರ ದಶಕಗಳಲ್ಲೇ. ಗುಡ್ಡದ ಅಂಚಲ್ಲೇ ಇದ್ದಲಿನ ಪದರ ಕಾಣುತ್ತದೆ, ಕೆರೆದು ತಂದು ಉರಿಸುತ್ತಿದ್ದರು. ಅಂದರೆ ಅಜ್ಜಿಯರ ಗೆರೆ ನಾಂಪೆಯೊ ಕೈಗೆ ಬಂತು, ಅವರ ಬೆಂಕಿ ಬರಲಿಲ್ಲ. ಮಡಕೆ ಮಾತ್ರ ಸೊಗಸಾಗೇ ಬಂತು.

ಟೈಮ್ ಆಯ್ತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ನಾಂಪೆಯೊಗೆ ಕಣ್ಣು ಮಂಜಾದಾಗ ಮಣ್ಣಿನ ಕೆಲಸ ಬರೀ ಸ್ಪರ್ಶದಲ್ಲೇ ನಡೆಯಿತು. ಬಣ್ಣ ಬರೆದವರು ಲೆಸೊ ಮತ್ತು ಹೆಣ್ಣುಮಕ್ಕಳು ಆನಿ, ನೆಲಿ, ಫ್ಯಾನಿ. ಹೀಗಾಗಿ ಆ ಕಾಲದ ಮಡಕೆ ಯಾರದು ಅಂತ ಸಂಗ್ರಹಕಾರರು ಇನ್ನೂ ತಲೆ ಕೆರೆದುಕೊಳ್ಳುತ್ತಾರೆ. ಮೊಮ್ಮಗಳು ಡೇಸಿ ಪ್ಯಾರಿಸ್‌ನಲ್ಲಿ ಶಿಲ್ಪ ಕಲಿತು ಬಂದು ಮತ್ತೆ ಮಣ್ಣಿಗೇ ಕೈ ಹಾಕಿದರು. ಆನಿಯ ಮೊಮ್ಮಗಳು ಡೆಕ್ಸ್‌ಟ್ರಾ ಇನ್ನೂ ದೊಡ್ಡ ಹೆಸರು. ಬರೀ ಹೆಂಗಸರೇನಾ? ಈಗ ಗಂಡುಮಕ್ಕಳೂ ಇದ್ದಾರೆ: ಸ್ಟೀವ್ ಲೂಕಸ್, ಲೆಸ್ ನಮಿಂಘಾ. ಅವರಿಗೆ ಕೈ ಹಿಡಿದು ಕಲಿಸಿದ್ದೂ ಡೆಕ್ಸ್‌ಟ್ರಾನೇ.