ಕುರಿಮರಿಯ ಬೆನ್ನಿನ ಬಣ್ಣ

ಕೇಳುಗರಿಗೆ ನಮಸ್ಕಾರ. ಇವತ್ತಿನ ವಿಷಯ ರೋಗ ಮತ್ತು ರಾಸಾಯನಿಕ ಜೀವವಿಜ್ಞಾನ. ಹೆಸರು ಕೇಳಿ ರೇಡಿಯೊ ಬಂದ್ ಮಾಡಬೇಡಿ. ಮಾತು ಇಷ್ಟೇ: ಜೀವಕೋಶಕ್ಕೆ ಗುರುತು ಹಾಕಬೇಕು, ಅದು ಕೋಶಕ್ಕೆ ಗೊತ್ತಾಗಬಾರದು.

ನಮ್ಮೂರು ಯಾದಗಿರಿ ಜಿಲ್ಲೆಯ ಶಹಾಪುರದ ಕಡೆ. ಮುತ್ಯಾನ ಹತ್ತಿರ ಕುರಿಗಳಿದ್ದವು. ಬೇರೆ ಹಿಂಡಿನಲ್ಲಿ ಬೆರೆತರೂ ಗೊತ್ತಾಗಲಿ ಅಂತ ಬೆನ್ನಿಗೆ ಜಾಜಿನ ಗೆರೆ ಎಳೆಯುತ್ತಿದ್ದರು. ಮಳೆ ಬಂದರೆ ಅದು ತೊಳೆದು ಹೋಗುತ್ತಿತ್ತು. ನಾನು ಏಳನೇ ಕ್ಲಾಸ್, ಬಹಳ ಶಾಣ್ಯಾ! ಬಾಗಿಲಿಗೆ ಹಚ್ಚಿ ಉಳಿದಿದ್ದ ಆಯಿಲ್ ಪೇಂಟ್ ತಂದು, ಎರಡು ದಿನದ ಮರಿಗೆ ಬಳಿದೆ. ಸಂಜೆ ತಾಯಿ ಕುರಿ ಬಂದು ಮೂಸಿತು, ಹಿಂದೆ ಸರಿಯಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಒದೆಯಿತು. ಕುರಿ ತನ್ನ ಮರಿಯನ್ನು ಗುರುತಿಸುವುದೇ ವಾಸನೆಯಿಂದ, ಅಲ್ವಾ? ಮರಿ ಒಂದೇ ಸಮನೆ ಅರಚಿತು. ಮುತ್ಯಾ ಬೈಯಲಿಲ್ಲ. ಲಾಟೀನು ಇಟ್ಟುಕೊಂಡು ಬಣ್ಣ ಹತ್ತಿದ ಉಣ್ಣೆಯನ್ನೆಲ್ಲ ಕತ್ತರಿಸಿದರು. ತಾಯಿಯ ಹಾಲನ್ನೇ ಹಿಂಡಿ ಮರಿಯ ಮೈಗೆ ಒರೆಸಿದರು. ನಸುಕಿನಲ್ಲಿ ಮರಿ ಹಾಲು ಕುಡಿಯಿತು. "ಗುರುತು ನಮಗ ಕಾಣಬೇಕೋ ತಮ್ಮಾ, ಕುರಿಗಿ ತಿಳೀಬಾರ್ದು" ಎಂದರು.

ಅಮೆರಿಕದ ರಸಾಯನ ವಿಜ್ಞಾನಿ ಕ್ಯಾರೊಲಿನ್ ಬರ್ಟೋಜಿ ಜೀವಕೋಶದಲ್ಲಿ ಮಾಡಿದ್ದೂ ಇದನ್ನೇ. ಕೋಶದ ಹೊರಮೈ ತುಂಬ ಸಕ್ಕರೆಯ ಸರಪಳಿಗಳಿರುತ್ತವೆ. (ಚಹಾದ ಸಕ್ಕರೆಯಲ್ಲ. ಸಕ್ಕರೆ ಕಾಯಿಲೆಗೆ ಮದ್ದು ಕೇಳಿ ದಯವಿಟ್ಟು ಪತ್ರ ಬರೆಯಬೇಡಿ.) ಕ್ಯಾನ್ಸರ್ ಬಂದರೆ ಈ ಸಕ್ಕರೆ ಬದಲಾಗುತ್ತದೆ. ಕೆಲವು ಗೆಡ್ಡೆಗಳು ಅದನ್ನೇ ಹೊದ್ದುಕೊಂಡು ನಮ್ಮ ಕಾವಲು ಕೋಶಗಳ ಕಣ್ಣು ತಪ್ಪಿಸುತ್ತವೆ. ಬರ್ಟೋಜಿ ಸಕ್ಕರೆಗೆ ಅಜೈಡ್ ಎಂಬ ಪುಟ್ಟ ಕೊಂಡಿ ಸೇರಿಸಿ ಕೋಶಕ್ಕೆ ತಿನ್ನಿಸಿದರು. ಮೂರು ನೈಟ್ರೋಜನ್ ಪರಮಾಣು, ಅಷ್ಟೇ. ಕೋಶಕ್ಕೆ ಸುಳಿವೇ ಸಿಗಲಿಲ್ಲ. ಮಾಮೂಲಿ ಸಕ್ಕರೆಯಂತೆ ಮೈಮೇಲೆ ಕಟ್ಟಿಕೊಂಡಿತು. ಆಮೇಲೆ ಆ ಕೊಂಡಿಯನ್ನು ಮಾತ್ರ ಹಿಡಿಯುವ, ಹೊಳೆಯುವ ಅಣುವನ್ನು ಬಿಟ್ಟರು.

ಇಂಥ ಕೊಂಡಿ ಬೇಗ ಕೂಡಿಕೊಳ್ಳಬೇಕಾದರೆ ತಾಮ್ರ ಬೇಕಿತ್ತು. ತಾಮ್ರ ಜೀವಕೋಶಕ್ಕೆ ವಿಷ. ಥೇಟ್ ನನ್ನ ಆಯಿಲ್ ಪೇಂಟ್! 2004ರಲ್ಲಿ ಅವರು ತಾಮ್ರವಿಲ್ಲದ ದಾರಿ ತೋರಿಸಿದರು. 2022ರಲ್ಲಿ ವಿಜ್ಞಾನಿಗಳಾದ ಶಾರ್ಪ್‌ಲೆಸ್, ಮೆಲ್ಡಾಲ್ ಜೊತೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಆ ಸಕ್ಕರೆ ಹೊದಿಕೆಯನ್ನು ಕತ್ತರಿಸುವ ಔಷಧಿಗಳ ಬಗ್ಗೆಯೂ ಹೇಳಬೇಕಿತ್ತು. ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕುರಿ ಕಥೆ ಜಾಸ್ತಿಯಾಯಿತು, ಇರಲಿ. ಒಂದೇ ಮಾತು: 2008ರಲ್ಲಿ ಬರ್ಟೋಜಿ ತಂಡ ಜೀಬ್ರಾಮೀನಿನ ಭ್ರೂಣಗಳಿಗೂ ಈ ಗುರುತು ಹಾಕಿತು. ಮೈಮೇಲಿನ ಸಕ್ಕರೆ ಹೊಳೆಯುತ್ತಿತ್ತು, ಮರಿಮೀನು ತನ್ನ ಪಾಡಿಗೆ ಬೆಳೆಯುತ್ತಿತ್ತು. ನಮಸ್ಕಾರ.